ಬೋರ್ಡ್ ಹೋಗಿದೆ ಅಮ್ಮಾ

"ಬೋರ್ಡ್ ಹೋಗಿದೆ ಅಮ್ಮಾ, 6,500 ಆಗುತ್ತೆ." ವಾಷಿಂಗ್ ಮಷಿನ್ ನೋಡಲು ಪೇಟೆಯಿಂದ ಬಂದ ಮೆಕ್ಯಾನಿಕ್, ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಬಗ್ಗೆ ಇಷ್ಟು ಹೇಳಿ, ಬಂದಿದ್ದಕ್ಕೆ 500 ರೂಪಾಯಿ ಇಸ್ಕೊಂಡು, ರೈನ್‌ಕೋಟ್ ಏರಿಸಿಕೊಂಡು ಹೊರಟುಬಿಟ್ಟ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ತೋಟದ ನಡುವಿನ ಮನೆ. ಪುಷ್ಯ ಮಳೆ ಹಿಡಿದು ನಾಲ್ಕು ದಿನ. ಬಚ್ಚಲಲ್ಲಿ ಒದ್ದೆ ಬಟ್ಟೆಯ ರಾಶಿ. ಬೆಂಗಳೂರಿನ ಮಗ ಫೋನಲ್ಲಿ "ಹೊಸದೇ ತಗೊಳ್ಳೋಣ ಬಿಡು" ಅಂದಿದ್ದಾನೆ. ಅವನು ಒಳ್ಳೆಯ ಹುಡುಗನೇ, ಆದರೆ ಮಷಿನ್ ಎದುರು ನಿಂತು ನೋಡದವರು ಕೊಡುವ ಸಲಹೆ ಯಾವಾಗಲೂ ದುಬಾರಿ.

ಮಾರನೇ ದಿನ ಮಷಿನ್ ನೋಡಲು ಹೋದ ನನಗೆ ಆ ಮನೆಯ ಅಕ್ಕ ಇದನ್ನೆಲ್ಲ ಹೇಳಿ ಕೊನೆಗೆ ಒಂದು ಮಾತು ಸೇರಿಸಿದರು: "ನೀರು ಬರ್ತದಾ ಇಲ್ವಾ ಅಂತ ಅವ ಪೈಪು ಬಿಚ್ಚಿ ನೋಡ್ಲೇ ಇಲ್ಲ ಮಾರಾಯ್ರೆ." ವಾರವೆಲ್ಲ ಕಿವಿಯಲ್ಲಿ ಉಳಿದಿದ್ದು ಈ ಮಾತೇ.

ಮಷಿನ್ ಟಾಪ್ ಲೋಡ್, ಫುಲ್ ಆಟೊಮ್ಯಾಟಿಕ್. ಸ್ಟಾರ್ಟ್ ಒತ್ತಿದರೆ ಹಿಂಬದಿಯಲ್ಲಿ ಗುಂಯ್ ಅನ್ನುತ್ತದೆ, ದಾರದಷ್ಟು ನೀರು ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಬೀಪ್ ಹೊಡೆದು ಐಇ ಅಂತ ತೋರಿಸಿ ನಿಲ್ಲುತ್ತದೆ. ನಿಗದಿತ ಹೊತ್ತಿನೊಳಗೆ ನೀರಿನ ಮಟ್ಟ ಏರಲಿಲ್ಲ ಅನ್ನುವುದಷ್ಟೇ ಐಇ ಅಂದರೆ. ಬೋರ್ಡ್ ಕೆಟ್ಟಿದೆ ಅನ್ನುವ ಅರ್ಥ ಅದರಲ್ಲಿ ಎಲ್ಲೂ ಇಲ್ಲ. ಇನ್ನು ಆ ಗುಂಯ್ ಸದ್ದು. ನೀರು ಒಳಗೆ ಬಿಡುವ ವಾಲ್ವಿನ ತಂತಿ ಸುರುಳಿಗೆ, ಅಂದರೆ ಕಾಯಿಲ್‌ಗೆ ಕರೆಂಟ್ ತಲುಪಿದರೆ ಬರುವ ಸದ್ದು ಅದು. ಆ ಕರೆಂಟ್ ಕಳಿಸುವುದು ಬೋರ್ಡ್. ಅಂದಮೇಲೆ ಬೋರ್ಡ್ ತನ್ನ ಕೆಲಸ ಮಾಡಿಯಾಗಿತ್ತು, ಸದ್ದಿನಲ್ಲೇ ಅದಕ್ಕೆ ಸಾಕ್ಷಿ ಇತ್ತು. ಮಷಿನ್ನಿನ ಬೆನ್ನಿಗೆ ಅಂಗೈ ಇಟ್ಟಿದ್ದರೂ ಗೊತ್ತಾಗುತ್ತಿತ್ತು.

ಪ್ಲಗ್ ಕಿತ್ತು, ನಲ್ಲಿ ಬಂದ್ ಮಾಡಿ, ಇನ್‌ಲೆಟ್ ಪೈಪನ್ನು ಮಷಿನ್ ಕಡೆಯಿಂದ ಕೈಯಲ್ಲೇ ತಿರುಗಿಸಿ ಬಿಚ್ಚಿದ್ದಾಯಿತು. ಪೈಪಿನ ತುದಿ ಬಕೆಟಿಗೆ ಹಾಕಿ ನಲ್ಲಿ ಬಿಟ್ಟರೆ ನೀರು ಜೋರಾಗಿಯೇ ಬಂತು. 10 ಲೀಟರ್ ಬಕೆಟ್ ಎರಡು ನಿಮಿಷದೊಳಗೆ ತುಂಬಿದರೆ ನಲ್ಲಿಯ ಕಡೆ ತೊಂದರೆ ಇಲ್ಲ ಅನ್ನಬಹುದು; ಇಲ್ಲಿ ಒಂದೇ ನಿಮಿಷ ಹಿಡಿಯಿತು. ಉಳಿದದ್ದು ವಾಲ್ವಿನ ಬಾಯಿ. ಪೈಪು ಕೂರುವ ಆ ರಂಧ್ರದೊಳಗೆ ಹೆಬ್ಬೆರಳಿನ ಉಗುರಿನಗಲದ ಪ್ಲಾಸ್ಟಿಕ್ ಜಾಲರಿ ಇರುತ್ತದೆ, ಹಿಡಿದು ಎಳೆಯಲಿಕ್ಕೆ ನಡುವೆ ಪುಟ್ಟ ಮೊಳಕೆಯಂಥ ತುದಿ. ಪ್ಲಯರಿನಲ್ಲಿ ಮೆಲ್ಲಗೆ ನೇರಕ್ಕೆ ಎಳೆದಾಗ ಬಂದದ್ದು ಜಾಲರಿ ಅಂತ ಹೇಳುವ ಹಾಗಿರಲಿಲ್ಲ. ಕೆಂಪು ಗೋಡು ಬೆಣ್ಣೆ ಬಳಿದಂತೆ ಮೆತ್ತಿಕೊಂಡಿತ್ತು. ಅದರೊಳಗೆ ಎಲೆಯ ನರದ ಚೂರು, ಕೂದಲಿನಂಥ ಬೇರಿನ ಎಳೆ. ಒಂದು ಕಣ್ಣಿನಲ್ಲೂ ಬೆಳಕು ಹಾಯುತ್ತಿರಲಿಲ್ಲ.

ಆ ಮನೆಗೆ ನೀರು ಬರುವುದು ಗುಡ್ಡದ ಅಬ್ಬಿಯಿಂದ, ಕಪ್ಪು ಪೈಪಿನಲ್ಲಿ. ಬೇಸಿಗೆಯಲ್ಲಿ ಕನ್ನಡಿಯಂಥ ನೀರು. ಮಳೆಗಾಲದಲ್ಲಿ ಜಂಬಿಟ್ಟಿಗೆ ಮಣ್ಣು ತೊಳೆದುಕೊಂಡು ಬರುತ್ತದೆ. ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ ಜಾಲರಿ ತೊಳೆದು, ನಲ್ಲಿ ಕಡೆಯ ಜೋಡಣೆಯಲ್ಲಿದ್ದ ಇನ್ನೊಂದು ಜಾಲರಿಯನ್ನೂ ತೊಳೆದು (ಇದನ್ನು ಬಹಳ ಜನ ಮರೆಯುತ್ತಾರೆ), ರಬ್ಬರ್ ವಾಷರ್ ನೇರ ಕೂರಿಸಿ ಪೈಪು ಬಿಗಿದದ್ದೇ ಸೈ, ಡ್ರಮ್ಮಿಗೆ ನೀರು ಭರ್ರನೆ ಬಿತ್ತು. ಜಾಲರಿ ತೊಳೆಯುವುದು ಕಷ್ಟ ಅಂತ ಅದನ್ನು ಬಿಸಾಕಿ ಪೈಪು ಜೋಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮರಳು ವಾಲ್ವಿನ ರಬ್ಬರ್ ಪೊರೆಯ ಅಡಿ ಸಿಕ್ಕಿಕೊಂಡರೆ ಮಷಿನ್ ಆಫ್ ಇದ್ದಾಗಲೂ ನೀರು ತೊಟ್ಟಿಕ್ಕುತ್ತದೆ, ಬೆಳಿಗ್ಗೆ ಎದ್ದು ನೋಡಿದರೆ ಡ್ರಮ್ ತುಂಬಿರುತ್ತದೆ. ಆಮೇಲೆ ವಾಲ್ವನ್ನೇ ಬದಲಾಯಿಸಬೇಕು.

ಜಾಲರಿ ಸ್ವಚ್ಛವಾಗಿಯೂ ನೀರು ಮೆಲ್ಲಗೆ ಬಂದರೆ ಟ್ಯಾಂಕಿನ ಎತ್ತರ ಅಳೆಯಿರಿ. ಒಂದು ಮೀಟರ್ ಎತ್ತರಕ್ಕೆ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ 0.1 ಕೆಜಿ. ಹಲವು ಮಷಿನ್‌ಗಳಿಗೆ ಕನಿಷ್ಠ 0.3ರಿಂದ 0.5 ಕೆಜಿ ಬೇಕು, ಅಂದರೆ ವಾಲ್ವಿನಿಂದ ಟ್ಯಾಂಕಿನ ನೀರಿಗೆ 3ರಿಂದ 5 ಮೀಟರ್. ಹೆಂಚಿನ ಮನೆಗಳಲ್ಲಿ ಬಚ್ಚಲ ಹಿಂದೆ ಆಳೆತ್ತರದ ಕಟ್ಟೆಯ ಮೇಲೆ ಟ್ಯಾಂಕ್ ಇಟ್ಟಿರುತ್ತಾರೆ, ಅಲ್ಲಿ ಸಣ್ಣ ಪ್ರೆಷರ್ ಪಂಪ್ ಇಲ್ಲದೆ ಆಗುವುದಿಲ್ಲ. ಗುಂಯ್ ಸದ್ದೇ ಇಲ್ಲದಿದ್ದರೆ ಕಥೆ ಬೇರೆ. ಪ್ಲಗ್ ಕಿತ್ತು, ವಾಲ್ವಿನ ತಂತಿ ಕಳಚಿ, ಎರಡು ತುದಿಗೆ ಮಲ್ಟಿಮೀಟರ್ ಹಿಡಿದರೆ ಸುಮಾರು 4 ಕಿಲೋ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ. ಕಾಯಿಲ್ ಸರಿಯಿದ್ದೂ ಕರೆಂಟ್ ಬಾರದಿದ್ದರೆ ಮೊದಲು ತಂತಿ ನೋಡಿ. ಮಳೆಗೆ ಒಳಸೇರಿದ ಇಲಿಗಳು ಟಾಪ್ ಲೋಡ್ ಮಷಿನ್ನಿನ ತೆರೆದ ತಳದಿಂದ ನುಗ್ಗಿ ತಂತಿ ಕಡಿಯುವುದು ನಮ್ಮ ಕಡೆ ಮಾಮೂಲಿ. ಬೋರ್ಡಿನ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಕಟ್ಟಕಡೆಯಲ್ಲಿ ಹೇಳಬೇಕಾದ ಮಾತನ್ನು ಆ ಮನುಷ್ಯ ಹೊಸಿಲು ದಾಟಿದ ಕೂಡಲೇ ಹೇಳಿದ್ದ.

ಅವನ ಮೇಲೆ ಸಿಟ್ಟು ಬರುತ್ತದೆ, ಬರಲೇಬೇಕು. ಆದರೂ ಘಟ್ಟದ ಮಳೆಯಲ್ಲಿ ಬೈಕಿನಲ್ಲಿ ಅಷ್ಟು ದೂರ ಬಂದವನಿಗೆ ಐದು ನಿಮಿಷ ಜಾಲರಿ ತೊಳೆದು 500 ಕೇಳಲಿಕ್ಕೆ ನಾಚಿಕೆಯಾಗುತ್ತದೋ ಏನೋ. ಅದನ್ನು ಸಂತೋಷದಿಂದ ಕೊಡಬೇಕಾದವರು ನಾವು. ಕೈಗೆ ಸಿಗುವ ಬಿಡಿಭಾಗಕ್ಕೆ ದುಡ್ಡು ಕೊಡುತ್ತೇವೆ. ನೋಡಿ ತಿಳಿದು ಹೇಳಿದ್ದಕ್ಕೆ ಕೊಡಲು ಕೈ ಹಿಂದೆಗೆಯುತ್ತೇವೆ. ಸುಳ್ಳಿಗೆ ಬೆಲೆ ಬಂದದ್ದು ಹೀಗೆ.

ಇದಕ್ಕಿಂತ ಹೆಚ್ಚು ಮನಸ್ಸು ಕಲಕಿದ್ದು ಬೇರೆ. ಅದೇ ಅಂಗಳದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದ ಡ್ರಮ್ ಇತ್ತು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಅದನ್ನು ಬಟ್ಟೆಯಲ್ಲಿ ಸೋಸದೆ ಯಾರೂ ಪಂಪಿಗೆ ಹಾಕುವುದಿಲ್ಲ. ಮರದ ಮೇಲಿದ್ದವನು "ಮದ್ದು ಬರ್ತಿಲ್ಲಾ" ಅಂತ ಕೂಗಿದರೆ ಕೆಳಗಿದ್ದವರು ಪಂಪ್ ಕೆಟ್ಟಿತು ಅನ್ನುವುದಿಲ್ಲ, ನಾಜಲ್ ಕಟ್ಟಿದೆ ಅನ್ನುತ್ತಾರೆ. ಅಕ್ಕನಿಗೆ ಇದು ಹುಟ್ಟಿದಾಗಿನಿಂದ ಗೊತ್ತು. ಬಟ್ಟೆ ಒಗೆಯುವ ಮಷಿನ್ನಿನ ಬಾಯಲ್ಲೂ ಅಂಥದ್ದೇ ಸೋಸುವ ಬಟ್ಟೆ ಇದೆ ಅಂತ ಅಂಗಡಿಯವರು ಹೇಳಲಿಲ್ಲ, ಕೂರಿಸಲು ಬಂದವರು ತೋರಿಸಲಿಲ್ಲ. "ಏನೂ ಮುಟ್ಟಬೇಡಿ, ವಾರಂಟಿ ಹೋಗುತ್ತೆ" ಅಂದರಂತೆ. ಜಾಲರಿ ತೊಳೆಯಲಿಕ್ಕೆ ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ. ಮೈಲುತುತ್ತದ ಕೈಯಲ್ಲಿ ನಾಜಲ್ ಸರಿಮಾಡುವ ಹೆಂಗಸನ್ನು ಅವಳ ಮನೆಯ ಮಷಿನ್ ಎದುರಿಗೆ ಹೀಗೆ ಹೆದರಿಸಿ ಕೂರಿಸುವುದು ಅನ್ಯಾಯ.

ಬಟ್ಟೆ ತಿರುಗುತ್ತಿರುವಾಗ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಅಕ್ಕ ನಾಲ್ಕು ದೊಡ್ಡ ಚಮಚ ಪೌಡರ್ ಸುರಿದಿದ್ದರು. ಅಬ್ಬಿ ನೀರು ಮೆದು, ನೊರೆ ಬೇಗ ಏಳುತ್ತದೆ, ಅರ್ಧ ಸಾಕು. ನೊರೆ ಹೆಚ್ಚಾದರೆ ನೀರಿನ ಮಟ್ಟದ ಲೆಕ್ಕ ತಪ್ಪುತ್ತದೆ, ಹಿಂಡುವ ಹೊತ್ತಿಗೆ ಡ್ರಮ್ ವೇಗ ಹಿಡಿಯುವುದಿಲ್ಲ. ಬಿಳಿ ಪಂಚೆಯ ಮೇಲೆ ಕೆಂಪು ಚುಕ್ಕಿ ಇದ್ದವು, ನೀರಿನ ಕಬ್ಬಿಣದ್ದು. ಅದಕ್ಕೆ ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿದ ಬಿಸಿನೀರಿನಲ್ಲಿ ನೆನೆಸಬೇಕು, ಮತ್ತು ಬ್ಲೀಚ್, ನಿಂಬೆ ಉಪ್ಪು ಎರಡನ್ನೂ ಒಟ್ಟಿಗೆ ಯಾವತ್ತೂ ಹಾಕಬಾರದು, ವಿಷದ ಗಾಳಿ ಏಳುತ್ತದೆ.

ಸಂಜೆಯೊಳಗೆ ಅಕ್ಕ ಹಳೇ ನೈಲಾನ್ ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ ಟ್ಯಾಂಕಿಗೆ ನೀರು ಬೀಳುವ ಪೈಪಿನ ಬಾಯಿಗೆ ಕಟ್ಟಿಸಿದ್ದರು. ಬಚ್ಚಲ ಒಲೆಯ ಮೇಲಿನ ಗಳುವಿನಲ್ಲಿ ಪಂಚೆ, ಟವೆಲ್ಲು, ಮೊಮ್ಮಗನ ಚಡ್ಡಿ ಸಾಲಾಗಿ ಹೊಗೆ ಕುಡಿಯುತ್ತಿದ್ದವು. "ಇನ್ನು ಅವ ಬಂದ್ರೆ ಎಂತ ಕೇಳೂದು?" ಅಂದರು.

"ಬೋರ್ಡ್ ಹೋಗಿದೆ ಅಂದ್ರೆ, ಮೊದಲು ಪೈಪು ಬಿಚ್ಚಿ ಜಾಲರಿ ತೋರ್ಸು ಅನ್ನಿ."

"ಅದನ್ನ ನಾನೇ ಅವಂಗೆ ತೋರಿಸ್ತೆ," ಅಂದು ಅಕ್ಕ ಒಲೆಗೆ ಇನ್ನೊಂದು ಕುಂಟೆ ದೂಡಿದರು.