ಉಸಿರು ಬಿಟ್ಟು ಹಿಡೀರಿ, ತಾತ

ಎಂಆರ್‌ಐ ಟೆಕ್ನಿಷಿಯನ್ ಅಂದ್ರೆ ಬಟನ್ ಒತ್ತೋನು ಅಂತ ಜನ ತಿಳಿದಿದ್ದಾರೆ. ಬಳ್ಳಾರಿಯ ನಮ್ಮ ಸೆಂಟರಿಗೆ ಲಿವರ್ ಸ್ಕ್ಯಾನ್ ಬಂತೆಂದರೆ ನನ್ನ ಅರ್ಧ ಕೆಲಸ ಉಸಿರಾಟದ ಪಾಠವೇ.

ಹೋದ ಬೇಸಿಗೆಯಲ್ಲಿ ಸಿರುಗುಪ್ಪ ಕಡೆಯ ತಾತ ಒಬ್ಬರು ಬಂದಿದ್ದರು. ಲಿವರಿನಲ್ಲಿ ಗಂಟು, ಕಾಂಟ್ರಾಸ್ಟ್, ಅಂದರೆ ಚಿತ್ರದಲ್ಲಿ ಎದ್ದು ಕಾಣಲು ಕೈಯ ರಕ್ತನಾಳಕ್ಕೆ ಚುಚ್ಚುವ ಔಷಧ, ಹಾಕಿ ನೋಡಬೇಕಿತ್ತು. ಜೇಬಿನಲ್ಲಿ ಬೀಡಿ ಕಟ್ಟು ಕಂಡಾಗಲೇ ನನಗೆ ಚಿಂತೆ ಹತ್ತಿತು.

ಲಿವರಿನ ಕ್ಯಾನ್ಸರ್ ಗಂಟಿಗೆ ರಕ್ತ ಹೆಚ್ಚಾಗಿ ಅಪಧಮನಿಯಿಂದಲೇ ಹೋಗುತ್ತದೆ. ಹಾಗಾಗಿ ಅಪಧಮನಿಯಲ್ಲಿ ಔಷಧ ತುಂಬಿರುವ ಆ ಕೆಲವೇ ಸೆಕೆಂಡಿನಲ್ಲಿ ಗಂಟು ಬೆಳ್ಳಗೆ ಎದ್ದು ಕಾಣುತ್ತದೆ. ಆಗ ಹೊಟ್ಟೆ ಅಲುಗಿದರೆ ಚಿತ್ರ ಮಸುಕು. ಮತ್ತೆ ತೆಗೆಯೋಣ ಅಂದರೆ ಔಷಧ ಆಗಲೇ ಮುಂದೆ ಹೋಗಿರುತ್ತದೆ, ಹೊಸದಾಗಿ ಚುಚ್ಚಲು ಇನ್ನೊಂದು ದಿನ ಕರೆಸಬೇಕು.

ಉಸಿರಾಟವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಬೆಲ್ಟನ್ನು ಹೊಟ್ಟೆಗೆ ಕಟ್ಟಿ, "ತಾತ, ಉಸಿರು ಹಿಡೀರಿ ನೋಡೋಣ" ಅಂದೆ. ಎಕ್ಸ್‌ರೇ ನೆನಪಿನಲ್ಲಿ ಎದೆಯುಬ್ಬಿಸಿ ಜೋರಾಗಿ ಎಳೆದುಕೊಂಡರು. ಪರದೆಯ ಮೇಲಿನ ಗೆರೆ ಮೇಲಕ್ಕೆ ಹಾರಿ, ನಡುಗುತ್ತಾ ಇಳಿಯಿತು. ಹೀಗೆ ಜೋರಾಗಿ ಎಳೆದರೆ ಇನ್ನೊಂದು ತೊಂದರೆಯೂ ಉಂಟು. ಕೆಳಗಿನ ದೊಡ್ಡ ರಕ್ತನಾಳದಿಂದ ಔಷಧವಿಲ್ಲದ ರಕ್ತ ಹೃದಯಕ್ಕೆ ನುಗ್ಗುತ್ತದೆ. ಕೈಯಿಂದ ಬರುತ್ತಿರುವ ಔಷಧ ಅಲ್ಲಿ ತೆಳುವಾಗಿಬಿಡುತ್ತದೆ.

"ಹಂಗಲ್ಲ ತಾತ. ಸುಮ್ನೆ ತಗೊಳ್ರಿ, ಬಿಡ್ರಿ, ಬಿಟ್ಟು ಹಂಗೇ ಇರ‍್ರಿ." ಅವರ ಕೈಯನ್ನೇ ಹೊಟ್ಟೆ ಮೇಲಿಡಿಸಿದೆ. ಉಸಿರು ಬಿಟ್ಟಾಗ ಲಿವರ್ ಪ್ರತಿಸಲ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ನಾಲ್ಕೈದು ಸಲ ಆದ ಮೇಲೆ ಗೆರೆ ನೆಟ್ಟಗಾಯಿತು. ಆದರೆ ಸುಮಾರು 12 ಸೆಕೆಂಡ್ ಮಾತ್ರ. ನಮ್ಮ ಸ್ಕ್ಯಾನಿಗೆ 18 ಬೇಕು. ಚಿತ್ರ ಸ್ವಲ್ಪ ಒರಟಾದರೂ ಪರವಾಗಿಲ್ಲ ಅಂತ ಸ್ಕ್ಯಾನನ್ನೇ 11ಕ್ಕೆ ಇಳಿಸಿದೆ. ಚೆಂದದ ಮಸುಕು ಚಿತ್ರ ಯಾರಿಗೆ ಬೇಕು?

ಔಷಧ ಬಿಟ್ಟೆವು. ಮಹಾಧಮನಿ ಬೆಳಗಿದ್ದು ಪರದೆಯಲ್ಲಿ ಕಂಡ ಕೂಡಲೇ ಮೈಕ್ ಹಿಡಿದು, "ತಗೊಳ್ರಿ, ಬಿಡ್ರಿ, ಬಿಟ್ಟು ಹಂಗೇ ಇರ್ರಿ" ಅಂದೆ. ಈ ಮಾತಿಗೇ ನಾಲ್ಕೈದು ಸೆಕೆಂಡ್ ಹಿಡಿಯುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು ಅಲ್ವಾ. ತಾತ ಉಸಿರು ಬಿಟ್ಟರು, ಹಂಗೇ ಹಿಡಿದರು. ಗೆರೆ ಅಲುಗಲಿಲ್ಲ.

ಆಮೇಲೆ ತೆಗೆಯುವ ಚಿತ್ರಗಳಲ್ಲಿ ಎರಡು ಸೆಕೆಂಡ್ ಆಚೀಚೆ ಆದರೂ ನಡೆಯುತ್ತದೆ. ಹೊರಗೆ ಅವರ ಮಗ, "ಇಷ್ಟೊತ್ತು ಒಳಗೇನು ಮಾಡಿದ್ರಿ?" ಅಂತ ಸಿಡುಕಿದ. ತಾತನೇ ಅವನ ಹೊಟ್ಟೆ ಮೇಲೆ ಕೈಯಿಟ್ಟು, "ಬಿಡು, ಬಿಟ್ಟು ಹಂಗೇ ಇರು" ಅಂತ ಹೇಳಿಕೊಡಲು ಶುರುಮಾಡಿದರು.