ಡಾಂಬರು ಹಾಕುವಾಗಲೇ ತಿರುವನ್ನೂ ಎತ್ತಿ

ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಹೋಗಿದ್ದೀರಲ್ವಾ? ಒಂದು ಕಡೆ ತುಂಗೆ, ಇನ್ನೊಂದು ಕಡೆ ಕಾಡು. ಇಂಥ ಕಡೆ ತಿರುವನ್ನೆಲ್ಲ ನೆಟ್ಟಗೆ ಮಾಡಬೇಕೆಂದರೆ ಮರ ಕಡಿಯಬೇಕು, ಗುಡ್ಡ ಅಗೆಯಬೇಕು, 1980ರ ಅರಣ್ಯ ಕಾಯ್ದೆಯಡಿ ಒಪ್ಪಿಗೆಯನ್ನೂ ತರಬೇಕು. ಅದು ಆಗುವುದಿಲ್ಲವೆಂದು ಇದ್ದ ರಸ್ತೆಯ ಮೇಲೇ ಡಾಂಬರು ಎಳೆದು ಬಿಟ್ಟುಬಿಡುವುದಿದೆಯಲ್ಲ, ರಸ್ತೆ ಕೆಲಸದಲ್ಲಿರುವ ನನಗೆ ಅದೇ ಬೇಜಾರು.

ನೆಟ್ಟಗೆ ಮಾಡಲಾಗದಿದ್ದರೂ ಹೊರ ಅಂಚನ್ನು ಎತ್ತಿ ತಿರುವನ್ನು ಒಳಕ್ಕೆ ವಾಲಿಸಬಹುದಲ್ಲ! ಒಂದು ಲೆಕ್ಕ ನೋಡಿ. 100 ಮೀಟರ್ ತ್ರಿಜ್ಯದ ತಿರುವು, ಟೈರಿನ ಹಿಡಿತ (ಘರ್ಷಣೆಯ ಗುಣಾಂಕ) ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಹೇಳುವ 0.15. ನೇರ ರಸ್ತೆಯಲ್ಲಿ ನೀರು ಹರಿಯಲೆಂದು ನಡುವಿನಿಂದ ಎರಡೂ ಬದಿಗೆ ಕೊಡುವ ಶೇ. 2.5 ಇಳಿಜಾರು (ಕ್ಯಾಂಬರ್) ತಿರುವಿನಲ್ಲೂ ಹಾಗೇ ಉಳಿದಿದ್ದರೆ ಹೊರಗಿನ ಲೇನ್ ಹೊರಕ್ಕೇ ವಾಲಿರುತ್ತದೆ. ಆಗ ಅಲ್ಲಿ ಗಂಟೆಗೆ 40 ಕಿ.ಮೀ. ಮಾತ್ರ ಸುರಕ್ಷಿತ. ಇಡೀ ರಸ್ತೆಯನ್ನು ಒಳಕ್ಕೆ ಶೇ. 4 ವಾಲಿಸಿದರೆ 49. ಶೇ. 7 ವಾಲಿಸಿದರೆ 53. 7 ಮೀಟರ್ ಅಗಲದ ರಸ್ತೆಯಲ್ಲಿ ಶೇ. 4 ಅಂದರೆ ಹೊರ ಅಂಚು 28 ಸೆಂ.ಮೀ. ಎತ್ತರವಾಗಬೇಕು, ಶೇ. 7ಕ್ಕೆ 49 ಸೆಂ.ಮೀ. ಮೊದಲ 28 ಸೆಂ.ಮೀ.ಗೆ 9 ಕಿ.ಮೀ. ಸಿಕ್ಕಿತು, ಮುಂದಿನ 21 ಸೆಂ.ಮೀ.ಗೆ ಬರೀ 4! ದುಡ್ಡು ಕಡಿಮೆ ಇದ್ದರೆ ಕೆಲವೇ ತಿರುವುಗಳನ್ನು ಶೇ. 7ಕ್ಕೆ ಎತ್ತುವ ಬದಲು ಅದಕ್ಕಿಂತ ಹೆಚ್ಚು ತಿರುವುಗಳನ್ನು ಶೇ. 4ಕ್ಕೆ ತನ್ನಿ ಅಂತ ನಾನು ಹೇಳುವುದು ಇದಕ್ಕೇ. ಎತ್ತರವನ್ನೆಲ್ಲ ಡಾಂಬರಿನಲ್ಲೇ ಕೊಡಬೇಕಿಲ್ಲ, ಅದು ದುಬಾರಿ. ಕೆಳಗೆ ಜಲ್ಲಿ ಹಾಕಿ ಎತ್ತಿ, ಮೇಲೆ ಡಾಂಬರು ಹಾಕಿದರೆ ಸಾಕು. ರೋಲರ್, ಆಳು, ಟಿಪ್ಪರ್ ಎಲ್ಲ ಹೇಗೂ ಅಲ್ಲೇ ಇರುತ್ತವೆ.

ಒಮ್ಮೆ ಇಂಥದೇ ಒಂದು ಕೆಲಸದಲ್ಲಿ ಆ ಜಲ್ಲಿಯನ್ನು ಎಸ್ಟಿಮೇಟಿಗೆ ಸೇರಿಸಿ ಅಂತ ಕೇಳಿಕೊಂಡಿದ್ದೆ. "ಇದು ರಿಪೇರಿ ದುಡ್ಡು, ಇದರಲ್ಲಿ ಹೊಸ ಕೆಲಸ ಬೇಡ" ಅಂದರು ಕಚೇರಿಯವರು. ತಿರುವು ಹಾಗೇ ಉಳಿಯಿತು, ಡಾಂಬರು ನುಣ್ಣಗಾಗಿದ್ದರಿಂದ ಗಾಡಿಗಳು ಮಾತ್ರ ಮೊದಲಿಗಿಂತ ಜೋರಾಗಿ ಬರತೊಡಗಿದವು.

ಇನ್ನು ನೋಟ. 50 ಕಿ.ಮೀ. ವೇಗದಲ್ಲಿ ಬರುವವನಿಗೆ ನಿಲ್ಲಿಸಲು 60 ಮೀಟರ್ ಮುಂದೆ ಕಾಣಬೇಕು. ಇದೇ ತಿರುವಿನಲ್ಲಿ ಹಾಗೆ ಕಾಣಲು ಒಳಗಿನ ಲೇನಿನ ನಡುವಿನಿಂದ ತಿರುವಿನ ಒಳಬದಿಗೆ ನಾಲ್ಕೂವರೆ ಮೀಟರ್ ಜಾಗ ತೆರೆದಿದ್ದರೆ ಆಯಿತು. ಎಷ್ಟೋ ಕಡೆ ಅಲ್ಲಿ ಅಡ್ಡ ಇರುವುದು ಮರವಲ್ಲ, ಲಂಟಾನ ಪೊದೆ. ಆದರೆ ಪ್ರತಿ ಮಳೆಗಾಲ ಮುಗಿದ ಮೇಲೆ ಮತ್ತೆ ಸವರಲೇಬೇಕು.

ಅಂಚನ್ನೂ ಮರೆಯಬೇಡಿ. ಡಾಂಬರಿನ ಮೇಲೆ ಡಾಂಬರು ಬಿದ್ದಂತೆ ರಸ್ತೆ ಏರುತ್ತದೆ, ಪಕ್ಕದ ಮಣ್ಣು ಅಲ್ಲೇ ಇರುತ್ತದೆ. ಬಸ್ಸಿಗೆ ದಾರಿ ಬಿಡಲು ಕೆಳಗಿಳಿದ ಬೈಕಿನವನು ಮತ್ತೆ ಮೇಲೆ ಹತ್ತುವಾಗ ಬೀಳುತ್ತಾನೆ. ಅಂಚಿಗೆ ಸಮನಾಗಿ ಗ್ರಾವೆಲ್ ತುಂಬಿ ರೋಲರ್ ಓಡಿಸದೆ ಬಿಲ್ ಪಾಸ್ ಮಾಡಲೇಬಾರದು.

ಯಾವ ತಿರುವು ಮೊದಲು ಅಂತೀರಾ? ಪೊಲೀಸ್ ಠಾಣೆಯ ದಾಖಲೆ ನೋಡಿ, ಆಮೇಲೆ ನಡೆದುಕೊಂಡು ಹೋಗಿ ಮೋರಿಯ ಕಟ್ಟೆಗಳನ್ನು ನೋಡಿ. ಯಾರೂ ದೂರು ಕೊಡದ ಅಪಘಾತಗಳ ಗೀರು ಅಲ್ಲಿರುತ್ತದೆ.