ಗಲ್ಲಾಪೆಟ್ಟಿಗೆ ಮುಂದಿನ ಕ್ಲಾಸು

ಬಿಕಾಂ ಎರಡನೇ ವರ್ಷ ಮುಗಿಯುತ್ತಾ ಬಂದ ಹಾಗೆ ನಮ್ಮ ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಪ್ಲೇಸ್‌ಮೆಂಟ್ ಮಾತು ಶುರುವಾಯಿತು. ಹೆದರಿಸುವುದರಲ್ಲಿ ಸೀನಿಯರ್‌ಗಳದ್ದು ಎತ್ತಿದ ಕೈ. "ಮಾರ್ಕ್ಸ್ ಯಾರೂ ನೋಡಲ್ಲ, ಬಾಯಿದ್ದವರಿಗೆ ಕೆಲಸ" ಅನ್ನುತ್ತಿದ್ದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ ಗಾದೆ ಬೇರೆ. ಅದೇ ಹೊತ್ತಿಗೆ ಕಮ್ಯುನಿಕೇಷನ್ ಸ್ಕಿಲ್ಸ್ ಸರ್ಟಿಫಿಕೇಟ್ ಕೋರ್ಸ್ ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿದರು. ಶನಿವಾರ ಮಧ್ಯಾಹ್ನ ಕ್ಲಾಸು. ಕೊನೆಯಲ್ಲಿ ಗ್ರೂಪ್ ಡಿಸ್ಕಷನ್, ಮಾಕ್ ಇಂಟರ್‌ವ್ಯೂ, ಐದು ನಿಮಿಷದ ಪ್ರೆಸೆಂಟೇಷನ್. ಅಟೆಂಡೆನ್ಸ್ ಕಮ್ಮಿಯಾದರೆ ಸರ್ಟಿಫಿಕೇಟ್ ಇಲ್ಲ. ಲಗ್ಗೆರೆಯಿಂದ ಮಲ್ಲೇಶ್ವರಕ್ಕೆ ಶನಿವಾರವೂ ಬಸ್ಸು ಹತ್ತಬೇಕಲ್ಲ ಅಂತ ಗೊಣಗುತ್ತಲೇ ಹೆಸರು ಕೊಟ್ಟೆ.

ಇದು ಇಂಗ್ಲಿಷ್ ಕ್ಲಾಸ್ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಶುರುವೂ ಹಾಗೇ ಇತ್ತು. ಮೊದಲ ದಿನ ಬಂದ ಟ್ರೈನರ್ ಒಂದು ದೊಡ್ಡ ಸ್ಲೈಡ್ ತೋರಿಸಿದರು: ಮಾತಿನಲ್ಲಿ ಪದಗಳ ಪಾಲು 7%, ದನಿಯದ್ದು 38%, ಹಾವಭಾವದ್ದು 55%. ನಮಗೆ ಖುಷಿಯೋ ಖುಷಿ. ಪದ ಬರದಿದ್ದರೂ ಕೈ ಆಡಿಸಿದರೆ ಸಾಕು ಅಲ್ವಾ! ಮನೆಗೆ ಬಂದು ಹುಡುಕಿ ನೋಡಿದೆ. ಆಲ್ಬರ್ಟ್ ಮೆಹ್ರಾಬಿಯನ್ ಅನ್ನುವ ಮನಶ್ಶಾಸ್ತ್ರಜ್ಞರ 1967ರ ಪ್ರಯೋಗಗಳಿಂದ ಬಂದ ಲೆಕ್ಕ ಅದು. ಅವರು ನೋಡಿದ್ದು ಎದುರಿನವರ ಇಷ್ಟ, ಬೇಸರದಂಥ ಭಾವನೆಗಳನ್ನು ನಾವು ಹೇಗೆ ಗ್ರಹಿಸುತ್ತೇವೆ ಅನ್ನುವುದನ್ನಷ್ಟೇ. ಎಲ್ಲ ಮಾತಿಗೂ ಇದನ್ನು ಅನ್ವಯಿಸಬೇಡಿ ಅಂತ ಅವರೇ ಹೇಳಿದ್ದಾರೆ. ಇಲ್ಲದಿದ್ದರೆ ತಮಿಳು ಬಾರದ ನನಗೆ ತಮಿಳು ಭಾಷಣ 93% ಅರ್ಥವಾಗಬೇಕಿತ್ತು. ಟ್ರೈನರ್‌ಗಳು ಇದನ್ನು ಯಾಕೆ ಬಿಡಲೊಲ್ಲರೋ ಗೊತ್ತಿಲ್ಲ. ಸ್ಲೈಡ್ ಚೆನ್ನಾಗಿ ಕಾಣುತ್ತೆ, ಅದಕ್ಕೇ ಇರಬೇಕು.

ನನಗೆ ಕೋರ್ಸ್ ರುಚಿ ಹತ್ತಿದ್ದು ನಮ್ಮದೇ ಕಾಲೇಜಿನ ಮೇಡಂ ಕ್ಲಾಸ್ ತೆಗೆದುಕೊಂಡ ಶನಿವಾರ. ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿದರು. ಒಬ್ಬರ ಕೈಯಲ್ಲಿ ಒಂದು ಚಿತ್ರ. ಒಂದಕ್ಕೊಂದು ತಾಗಿಕೊಂಡ ಆರು ಆಯತಗಳು, ಕೆಲವು ಅಡ್ಡ, ಕೆಲವು ಓರೆ. ಅದನ್ನು ಬಾಯಲ್ಲಿ ಹೇಳಬೇಕು, ಇನ್ನೊಬ್ಬರು ಕೇಳಿ ಬರೆಯಬೇಕು. ಮೊದಲ ಸುತ್ತಿನಲ್ಲಿ ಬರೆಯುವವರು ಪಿಟ್ಟೆನ್ನುವ ಹಾಗಿಲ್ಲ. "ಹೂಂ" ಅನ್ನುವುದಕ್ಕೂ ಬಿಡಲಿಲ್ಲ.

ನನ್ನ ಜೊತೆಗಿದ್ದವಳು ಕುಣಿಗಲ್ ಕಡೆಯವಳು, ಪಿಯುಸಿವರೆಗೆ ಕನ್ನಡ ಮೀಡಿಯಂ. "ಮೇಡಂ, ಕನ್ನಡದಲ್ಲಿ ಹೇಳಬಹುದಾ?" ಅಂತ ಹೆದರುತ್ತಲೇ ಕೇಳಿದಳು. "ನಿಂಗೆ ಯಾವುದರಲ್ಲಿ ಬರುತ್ತೋ ಅದರಲ್ಲಿ ಹೇಳಮ್ಮ" ಅಂದರು ಮೇಡಂ. ಅವಳು ಶುರು ಮಾಡಿದಳು: "ಎರಡನೇದು ನೆಟ್ಟಗೆ ನಿಂತಿದೆ ಕಣೇ, ಅದರ ಮೂಲೆ ಮೊದಲನೇದಕ್ಕೆ ತಾಗಿದೆ." ಯಾವ ಮೂಲೆ? ಎಲ್ಲಿ ತಾಗಿದೆ? ಬಾಯಿ ಕಟ್ಟಿ ಕೂತಿದ್ದೆ. ಪಕ್ಕದ ಸಾಲಿನವರು ಪಟಪಟ ಇಂಗ್ಲಿಷಿನಲ್ಲಿ ಹೇಳಿ ನಮಗಿಂತ ಬೇಗ ಮುಗಿಸಿದರು. ಹಾಳೆ ತಿರುಗಿಸಿ ನೋಡಿದರೆ ಒಬ್ಬರದ್ದೂ ಸರಿ ಇಲ್ಲ. ನನ್ನದಂತೂ ಲಾರಿಯಿಂದ ಸುರಿದ ಇಟ್ಟಿಗೆ ರಾಶಿಯ ಹಾಗಿತ್ತು.

ಎರಡನೇ ಸುತ್ತಿಗೆ ಬೇರೆ ಚಿತ್ರ. ಈ ಸಲ ಎಷ್ಟು ಪ್ರಶ್ನೆ ಬೇಕಾದರೂ ಕೇಳಬಹುದು. ಕೇಳಿದೆವು, ಜಗಳವೇ ಆಡಿದೆವು. "ಮೇಲಿನ ಮೂಲೇನಾ ಕೆಳಗಿಂದಾ? ಸರಿಯಾಗಿ ಹೇಳೇ!" ಟೈಮ್ ಜಾಸ್ತಿ ಹಿಡಿಯಿತು, ಆದರೆ ಹೆಚ್ಚಿನವರ ಚಿತ್ರ ಸರಿ ಬಂತು. ಆಮೇಲೆ ಮೇಡಂ ಇದರ ಮೂಲ ಹೇಳಿದರು. 1951ರಲ್ಲಿ ಲೆವಿಟ್ ಮತ್ತು ಮುಲ್ಲರ್ ಅನ್ನುವ ಇಬ್ಬರು ಇದನ್ನೇ ಅಮೆರಿಕದಲ್ಲಿ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ಬರೆದಿದ್ದರಂತೆ. ತಿರುಗಿ ಕೇಳಲು ಬಿಟ್ಟರೆ ಹೊತ್ತು ಹೆಚ್ಚು ಹಿಡಿಯುತ್ತೆ, ಆದರೆ ತಪ್ಪು ಕಮ್ಮಿಯಾಗುತ್ತೆ, ಇಬ್ಬರಿಗೂ ಧೈರ್ಯ ಬರುತ್ತೆ. ಹೇಳುವವರ ಭಾಷೆ ಎಷ್ಟು ನಯವಾಗಿದೆ ಅನ್ನುವುದು ಆ ಕ್ಲಾಸಿನಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಅಷ್ಟರಲ್ಲಿ 2025ರ ಜುಲೈ ಬಂತು. ಬೆಂಗಳೂರಿನಲ್ಲಿದ್ದವರಿಗೆ ನೆನಪಿರುತ್ತೆ. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಿದ್ದೇ ತಡ, ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯ, 'ಕ್ಯಾಶ್ ಮಾತ್ರ' ಚೀಟಿ ಹಾಜರು. ನಮ್ಮ ರಸ್ತೆಯ ಬೇಕರಿ ಅಂಕಲ್‌ಗೆ ನೋಟಿಸ್ ಬಂದಿರಲಿಲ್ಲ. ಆದರೂ ಕ್ಯೂಆರ್ ಕಿತ್ತು ಗಲ್ಲಾಪೆಟ್ಟಿಗೆ ಒಳಗೆ ಹಾಕಿದ್ದರು. ಹಾಸನದ ಕಡೆಯವರು, ನನ್ನನ್ನು ಸಣ್ಣವಳಿದ್ದಾಗಿನಿಂದ ನೋಡಿದವರು. "ಪುಟ್ಟಿ, ನೀನು ಬಿಕಾಂ ಅಲ್ವಾ, ಏನಮ್ಮಾ ಇದು?" ಅಂದರು.

ನಾನು ಪುಸ್ತಕದ ಹಾಗೆ ಶುರು ಮಾಡಿದೆ. ವಾರ್ಷಿಕ ಒಟ್ಟು ವಹಿವಾಟು, ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ, ದಾಟಿದರೆ ನೋಂದಣಿ. ಅವರು ಬಿಟ್ಟರೆ ತಾನೇ? "ವರ್ಷದ್ದು ಯಾರಿಗೆ ಗೊತ್ತಮ್ಮಾ, ದಿನಕ್ಕೆ ಎಷ್ಟು ಹೇಳು." ಮೊಬೈಲ್ ತೆಗೆದು ಭಾಗಿಸಿದೆ. 40 ಲಕ್ಷ ಅಂದರೆ ದಿನಕ್ಕೆ ಹೆಚ್ಚುಕಮ್ಮಿ 11 ಸಾವಿರ. ಆಗ ಅವರ ಮುಖ ಬದಲಾಯಿತು. ಗಲ್ಲಾದ ಲೆಕ್ಕ ಅವರಿಗೆ ಬಾಯಿಪಾಠ. ಮುಂದೆ ಪ್ರಶ್ನೆಗಳೆಲ್ಲ ಅವರವೇ. "ಕ್ಯಾಶ್ ತಗೊಂಡ್ರೆ ಲೆಕ್ಕಕ್ಕೆ ಬರಲ್ಲ ಅಲ್ವಾ?" ಬರುತ್ತೆ ಅಂಕಲ್, ದುಡ್ಡು ಹೇಗೆ ಬಂದರೂ ಮಾರಾಟ ಮಾರಾಟವೇ. "ಮಗ ಕಳಿಸೋ ದುಡ್ಡೂ ಅದೇ ನಂಬರಿಗೆ ಬರುತ್ತಲ್ಲಾ?" ಅದು ಮಾರಾಟ ಅಲ್ಲ, ಬರೆದಿಟ್ಟುಕೊಳ್ಳಿ. "ಬ್ರೆಡ್ಡಿಗೆ ಟ್ಯಾಕ್ಸ್ ಇಲ್ಲ ಅಂತಾರೆ?" ಬ್ರೆಡ್ಡಿಗೆ ಟ್ಯಾಕ್ಸ್ ಇಲ್ಲ, ಕೇಕಿಗೆ ಇದೆ. ಆದರೆ 40 ಲಕ್ಷ ಆಯ್ತಾ ಅಂತ ನೋಡುವಾಗ ಬ್ರೆಡ್ ಮಾರಿದ್ದನ್ನೂ ಸೇರಿಸಬೇಕು. ಕೊನೆಗೆ ಕೇಳಿದರು: "ಟೀನೂ ಕೊಡ್ತೀನಲ್ಲ, ಅದು ಸರಕಾ, ಸೇವೆನಾ?"

ಅದನ್ನು ಸೋಮವಾರ ನಮ್ಮ ಟ್ಯಾಕ್ಸ್ ಲೆಕ್ಚರರ್ ಹತ್ತಿರ ತೆಗೆದುಕೊಂಡು ಹೋದೆ. ಅಲ್ಲೇ ಕುಡಿಯಲು ಟೀ ಕೊಟ್ಟರೆ ಅದು ಸೇವೆ, ಎರಡೂ ಇರುವ ಅಂಗಡಿಗೆ 40 ಲಕ್ಷದ ಮಿತಿ ಸಿಗುವುದಿಲ್ಲ, 20 ಲಕ್ಷವೇ ಅಂದರು. ಅಂದರೆ ದಿನಕ್ಕೆ ಐದೂವರೆ ಸಾವಿರ. "ಅವರನ್ನ ಒಬ್ಬ ಆಡಿಟರ್ ಹತ್ರ ಕಳಿಸು" ಅಂತಲೂ ಸೇರಿಸಿದರು. ಅಂಕಲ್‌ಗೆ ಹೇಳಿದಾಗ ಅವರು ಟೀ ಫ್ಲಾಸ್ಕನ್ನೇ ದುರುಗುಟ್ಟಿ ನೋಡಿದರು.

ಇದನ್ನೇ ಪ್ರೆಸೆಂಟೇಷನ್ ಮಾಡಿದೆ. ಬೇರೆಯವರದ್ದು ಟೈಮ್ ಮ್ಯಾನೇಜ್‌ಮೆಂಟ್, ಲೀಡರ್‌ಶಿಪ್, ಪಾಸಿಟಿವ್ ಥಿಂಕಿಂಗ್. ಎಲ್ಲ ನೆಟ್‌ನಿಂದ ಇಳಿಸಿದ್ದು ಅಂತ ಮೂರನೇ ಸಾಲಿಗೇ ಗೊತ್ತಾಗುತ್ತಿತ್ತು. ನಾನು ಇಂಗ್ಲಿಷಿನಲ್ಲೇ ಮಾತಾಡಬೇಕಿತ್ತು, ಮಾತಾಡಿದೆ. ಆದರೆ ಸ್ಲೈಡ್ ಮಾಡಲಿಲ್ಲ. ಬೋರ್ಡಿನ ಮೇಲೆ ಅಂಕಲ್ ಕೇಳಿದ ಪ್ರಶ್ನೆಗಳನ್ನು ಅವರು ಕೇಳಿದ ಕ್ರಮದಲ್ಲೇ ಬರೆದು ಒಂದೊಂದಕ್ಕೂ ಉತ್ತರ ಹೇಳುತ್ತಾ ಹೋದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಡುವೆಯೇ ಕೈ ಎತ್ತಿ, "ಬೇಕರಿಯಲ್ಲಿ ಟೀ ಕೂಡ ಇದ್ದರೆ?" ಅಂದರು. ನಗು ತಡೆಯಲಾಗಲಿಲ್ಲ. ಅದು ನನ್ನ ಕೊನೆಯ ಪ್ರಶ್ನೆ, ಆಗಲೇ ಬೋರ್ಡಿನ ಮೇಲಿತ್ತು.

ಗ್ರೂಪ್ ಡಿಸ್ಕಷನ್ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಎಲ್ಲರೂ ಒಟ್ಟಿಗೆ ಮಾತಾಡಿದರು, ಅಷ್ಟೆ. ಕುಣಿಗಲ್ ಹುಡುಗಿ ಮಾತ್ರ ನಡುವೆ "ನೀನು ಹೇಳಿದ್ದು ಇದೇ ತಾನೇ?" ಅಂತ ಇಂಗ್ಲಿಷಿನಲ್ಲಿ ಕೇಳಿ ಕೇಳಿ ಒಳ್ಳೆ ಮಾರ್ಕ್ಸ್ ತೆಗೆದುಕೊಂಡಳು.

ಸರ್ಟಿಫಿಕೇಟ್ ಬಂತು. ಅಪ್ಪ ಲ್ಯಾಮಿನೇಷನ್ ಮಾಡಿಸಿದರು, ಬೇಡ ಅಂದರೂ ಕೇಳಲಿಲ್ಲ. ಫೈನಲ್ ಇಯರ್‌ನಲ್ಲಿ ಮೊದಲ ಕಂಪನಿ ಕ್ಯಾಂಪಸ್‌ಗೆ ಬಂದಾಗ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಅದನ್ನೇ ಇಟ್ಟಿದ್ದೆ. ಎಚ್‌ಆರ್ ಮೇಡಂ ಅದನ್ನು ಪಕ್ಕಕ್ಕೆ ಸರಿಸಿ, "ಎಕ್ಸೆಲ್ ಬರುತ್ತಾ?" ಅಂದರು. "ಎಕ್ಸೆಲ್‌ನಲ್ಲಿ ಯಾವ ಕೆಲಸಕ್ಕೆ ಮೇಡಂ?" ಅಂತ ತಿರುಗಿ ಕೇಳಿದೆ. ಅವರು ಪೆನ್ನು ಕೆಳಗಿಟ್ಟು ಕೆಲಸ ಏನು ಅಂತ ಹೇಳತೊಡಗಿದರು.